ಹದಿನೈದನೆಯ ಜೋಡಿ

ಎಲ್ಲದಕ್ಕೂ ಆಗುವಂಥ ಒಂದೇ ಜೋಡಿ ಸ್ಕೀ ಹಲಗೆ ಕೊಡಿ ಎಂದು ಕೇಳಿಕೊಂಡು ಬಂದವರನ್ನು ಬುರ್ಗಿ ಮೊದಲು ಕೂರಿಸುತ್ತಿದ್ದಳು. ಕೂರಿಸಿ, ಬೂಟು ಬಿಚ್ಚಿಸಿ, ಆಮೇಲೆ ವಿಚಾರಣೆ ಶುರು. ವಯಸ್ಸೆಷ್ಟು, ತೂಕವೆಷ್ಟು, ಲಿಫ್ಟಿನಲ್ಲಿ ಮೇಲೆ ಹೋಗಿ ಹದ ಮಾಡಿಟ್ಟ ಹಿಮದ ಇಳಿಜಾರಿನಲ್ಲಿ ಜಾರುವುದು ವರ್ಷಕ್ಕೆಷ್ಟು ದಿನ, ಲಿಫ್ಟೇ ಇಲ್ಲದ ಬೆಟ್ಟವನ್ನು ಸ್ವಂತ ಕಾಲಿನ ಮೇಲೆ ಹತ್ತುವುದು ಎಷ್ಟು ದಿನ. ಬಂದವರು ಇದರಲ್ಲಿ ಒಂದಕ್ಕೂ ನಿಜ ಹೇಳುವುದಿಲ್ಲ ಎಂಬುದು ಮೂವತ್ತು ವರ್ಷದ ಅನುಭವದಿಂದ ಅವಳಿಗೆ ಗೊತ್ತಿತ್ತು.

“ಅರ್ಧ ಅರ್ಧ ಅಂತ ಇಟ್ಕೊಳ್ಳಿ,” ಎಂದ ಒಮ್ಮೆ ಮ್ಯೂನಿಕ್ಕಿನಿಂದ ಬಂದ ಹಲ್ಲಿನ ಡಾಕ್ಟರೊಬ್ಬ. “ಅರ್ಧ ಲಿಫ್ಟು, ಅರ್ಧ ಬೆಟ್ಟ.”

“ಹೋದ ವರ್ಷ ಎಷ್ಟು ಸಲ ಬೆಟ್ಟ ಹತ್ತಿದ್ರಿ?”

“ಹೋದ ವರ್ಷ ಸ್ವಲ್ಪ ಸೊಂಟ ನೋವಿತ್ತು.”

“ಅದರ ಹಿಂದಿನ ವರ್ಷ?”

“ಕೆಲಸ ಜಾಸ್ತಿ ಇತ್ತು.”

“ಹಾಗಾದ್ರೆ ನಿಮಗೆ ಬೆಟ್ಟ ಹತ್ತೋ ಹಲಗೆ ಬೇಡ ಡಾಕ್ಟ್ರೇ, ಹತ್ತಿದೀನಿ ಅಂತ ಹೇಳ್ಕೊಳ್ಳೋ ಹಲಗೆ ಬೇಕು. ಅಲ್ಲಿ ಗೋಡೇಲಿದೆ ನೋಡಿ, ಬಣ್ಣಾನೂ ಚೆನ್ನಾಗಿದೆ.”

ಇಷ್ಟು ಒರಟಾಗಿ ಮಾತಾಡಿದರೂ ಜನ ಬರುವುದನ್ನು ಬಿಡಲಿಲ್ಲ. ಓಬರ್‌ಗ್ರಾಟ್ ಊರಿನ ಲಿಫ್ಟ್ ನಿಲ್ದಾಣದ ಕೆಳಗೆ, ಮೇಣದ ವಾಸನೆ ತುಂಬಿದ ಆ ಉದ್ದನೆಯ ವರ್ಕ್‌ಶಾಪಿನಲ್ಲಿ ಅವಳು ಆರಿಸಿ ಕೊಟ್ಟ ಹಲಗೆ ಕಾಲಿಗೆ ಹಾಕಿದವರು ಬೈದುಕೊಂಡು ಹೋಗಿ ಹೊಗಳಿಕೊಂಡು ಬರುತ್ತಿದ್ದರು. ಅಗಲದ ಹಲಗೆ ಮೆತ್ತನೆ ಹಿಮದಲ್ಲಿ ತೇಲುತ್ತದೆ, ಮಂಜುಗಡ್ಡೆಯ ಮೇಲೆ ಕೈ ಕೊಡುತ್ತದೆ. ಕಿರಿದಾದದ್ದು ಗಡ್ಡೆಯನ್ನು ಕಚ್ಚುತ್ತದೆ, ಮೆತ್ತನೆ ಹಿಮದಲ್ಲಿ ಹೂತುಹೋಗುತ್ತದೆ. ಹಗುರವಾದದ್ದು ಹತ್ತಲು ಸುಖ, ಇಳಿಯುವಾಗ ಹಲ್ಲು ಕಟಕಟ ಎನಿಸುತ್ತದೆ. ಎಲ್ಲದಕ್ಕೂ ಆಗುವ ಹಲಗೆಯೆಂದರೆ ಎಲ್ಲದರಲ್ಲೂ ಸ್ವಲ್ಪಸ್ವಲ್ಪ ಸೋಲುವ ಹಲಗೆ. ಯಾರಿಗೆ ಎಲ್ಲಿ ಎಷ್ಟು ಸೋತರೆ ನಡೆಯುತ್ತದೆ ಎಂದು ನೋಡುವುದೇ ನನ್ನ ಕೆಲಸ, ಎನ್ನುತ್ತಿದ್ದಳು. ಅವಳದ್ದು ಒಂದೇ ಸೂತ್ರ. ಮನುಷ್ಯ ತನ್ನನ್ನು ಏನೆಂದುಕೊಂಡಿದ್ದಾನೆ ಎಂದು ನೋಡಬೇಡ, ಏನಾಗಿದ್ದಾನೆ ಎಂದು ನೋಡು.

ಹಲಗೆಗಿಂತ ದೊಡ್ಡ ಜಗಳ ನಡೆಯುತ್ತಿದ್ದದ್ದು ಬೈಂಡಿಂಗ್ ಮೇಲೆ. ಬೂಟನ್ನು ಹಲಗೆಗೆ ಕಚ್ಚಿ ಹಿಡಿಯುವ ಹಿಡಿ ಅದು. ಬಿದ್ದಾಗ ಎಷ್ಟು ಜಗ್ಗಿದರೆ ಬಾಯಿ ಬಿಡಬೇಕು ಎಂಬುದಕ್ಕೆ ಅದರಲ್ಲೊಂದು ಅಂಕಿ ಇರುತ್ತದೆ. ತೂಕ, ಎತ್ತರ, ಬೂಟಿನ ಉದ್ದ, ವಯಸ್ಸು ಎಲ್ಲ ನೋಡಿ ಆ ಅಂಕಿ ಹೇಳುವ ಪಟ್ಟಿಯೊಂದು ಗೋಡೆಯ ಮೇಲಿತ್ತು. ಐವತ್ತು ದಾಟಿದವರು ಆ ಪಟ್ಟಿಯಲ್ಲಿ ಒಂದು ಮೆಟ್ಟಿಲು ಇಳಿಯಬೇಕು. ಓಬರ್‌ಗ್ರಾಟಿನ ಗಂಡಸರಿಗೆ ಹೆಂಡತಿ ಬಿಟ್ಟುಹೋದರೂ ಅಷ್ಟು ಅವಮಾನವಾಗುತ್ತಿರಲಿಲ್ಲ, ಈ ಒಂದು ಮೆಟ್ಟಿಲಿಗೆ ಆಗುತ್ತಿತ್ತು. ನಮ್ಮಪ್ಪ ಹತ್ತರಲ್ಲಿ ಇಟ್ಟಿದ್ದ, ನಾನೂ ಹತ್ತರಲ್ಲೇ ಇಡುವವನು ಎಂದು ಬೆಂಚು ಗುದ್ದುತ್ತಿದ್ದರು. “ನಿನ್ನ ಮೂಳೆಗೆ ನಿನ್ನ ಮೀಸೆ ಕಾಣಲ್ಲ ಕಣಪ್ಪ,” ಎಂದು ಹೇಳಿ ಬುರ್ಗಿ ಮೆಟ್ಟಿಲು ಇಳಿಸಿಯೇ ಕಳಿಸುತ್ತಿದ್ದಳು.

ಇಂಥವಳಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ. ಊರಿನ ಬೆಟ್ಟದ ರಕ್ಷಣಾ ದಳದಲ್ಲಿ ಒಂದು ಜಾಗ.

ಅವಳ ಅಪ್ಪ ಅಲೋಯಿಸ್ ಕಾತ್ರೈನ್ ಇಪ್ಪತ್ತು ವರ್ಷ ಆ ದಳದ ಮುಖ್ಯಸ್ಥನಾಗಿದ್ದವನು. ಬುರ್ಗಿ ಎಂಟನೇ ವಯಸ್ಸಿಗೇ ಹಲಗೆಯ ಅಂಚಿಗೆ ಅರ ಹಿಡಿದವಳು. ಹದಿನಾರಕ್ಕೆ ದಳದ ಹದಿನಾಲ್ಕೂ ಜನರ ಹಲಗೆ ಹದ ಮಾಡುವುದು ಅವಳ ಪಾಲಿಗೆ ಬಿತ್ತು. ಅವಳಿಗೆ ಇಪ್ಪತ್ತನಾಲ್ಕಾದಾಗ, ಫೆಬ್ರವರಿಯ ಒಂದು ಬೆಳಿಗ್ಗೆ, ಮೇಲಿನ ಕೊಟ್ಟಿಗೆಗಳ ಬಳಿ ಹಿಮ ಕುಸಿಯಿತು. ದಳದವರೆಲ್ಲ ಲಿಫ್ಟಿನ ಮೇಲಿನ ನಿಲ್ದಾಣದಲ್ಲಿದ್ದರು. ವರ್ಕ್‌ಶಾಪಿನಿಂದ ಕೋಲು, ಸಲಿಕೆ ಹಿಡಿದು ಓಡಿದವಳು ಬುರ್ಗಿ. ಕೋಲು ಚುಚ್ಚಿ ಹುಡುಕಿ, ಹಿಮದಡಿ ಹೂತಿದ್ದ ಹಾಲು ಮಾರುವ ಪೆಪಿಯನ್ನು ಒಂದೂವರೆ ಮೀಟರ್ ಆಳದಿಂದ ಒಬ್ಬಳೇ ತೋಡಿ ತೆಗೆದಳು. ಅವಳ ತಮ್ಮ ಸೆರಾಫಿನ್ ಬಂದು ಮುಟ್ಟುವಾಗ ಪೆಪಿ ಕೂತು ಕೆಮ್ಮುತ್ತಿದ್ದ. ದಳದ ಪುಸ್ತಕದಲ್ಲಿ ಮಾತ್ರ ‘ಪತ್ತೆ ಮಾಡಿದವರು: ಸೆರಾಫಿನ್ ಕಾತ್ರೈನ್’ ಎಂದು ಬರೆದಿದೆ. ದಳದಲ್ಲಿ ಇಲ್ಲದವರ ಹೆಸರು ಪುಸ್ತಕಕ್ಕೆ ಬರುವಂತಿಲ್ಲವಂತೆ. ಬರೆದ ಕೈ ಅವಳ ಅಪ್ಪನದೇ. ಊರಿಗೆ ಉಪಕಾರ, ಹೆಣಕ್ಕೆ ಶೃಂಗಾರ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮರುವರ್ಷ ಅರ್ಜಿ ಹಾಕಿದಳು. ಬೆಟ್ಟದ ಮೇಲಿನ ಗುಡಿಸಲಿನಲ್ಲಿ ಹೆಂಗಸರಿಗೆ ಬೇರೆ ಹಾಸಿಗೆ ಇಲ್ಲ ಎಂದರು. ಮೂವತ್ತೆಂಟರಲ್ಲಿ ಮತ್ತೆ ಹಾಕಿದಳು. ಆ ಸಭೆಯಲ್ಲಿ ಹೆಂಗಸರೂ ಸೇರಬಹುದು ಎಂದು ಕೈ ಎತ್ತಿದರು, ಅದೇ ಸಭೆಯಲ್ಲಿ ಹೊಸಬರಿಗೆ ಮೂವತ್ತೈದರ ಮಿತಿ ಎಂದೂ ಕೈ ಎತ್ತಿದರು. ಎರಡು ಸಲವೂ ಸೆರಾಫಿನ್ನನ ಕೈ ಮೇಲಿತ್ತು. ಬುರ್ಗಿ ಮದುವೆಯಾಗಲಿಲ್ಲ. ಕೇಳಿದವರಿಗೆ, ಇಡೀ ಊರಿನ ಗಂಡಸರ ತೂಕ ನನಗೆ ಗೊತ್ತು ಎನ್ನುತ್ತಿದ್ದಳು.

ಅವಳಿಗೆ ಐವತ್ತಾರಿದ್ದ ಚಳಿಗಾಲದ ಆರಂಭದಲ್ಲಿ ದಳದ ಈಗಿನ ಮುಖ್ಯಸ್ಥ ಎಗಾನ್ ವರ್ಕ್‌ಶಾಪಿಗೆ ಬಂದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹಿಂದಿನ ಮಾರ್ಚಿನಲ್ಲಿ ದಳದವರು ಗಾಯಾಳುವನ್ನು ಜಾರುಗಾಡಿಯಲ್ಲಿ ಕಟ್ಟಿಕೊಂಡು ಇಳಿಯುವಾಗ ದೊಡ್ಡ ಫಜೀತಿಯಾಗಿತ್ತು. ಒಬ್ಬನ ಕಾಲಲ್ಲಿ ಅಗಲದ ಹಲಗೆ, ಗಡ್ಡೆಗಟ್ಟಿದ ಕಮರಿಯಲ್ಲಿ ನಿಲ್ಲಲಿಲ್ಲ. ಇನ್ನೊಬ್ಬನ ಕಾಲಲ್ಲಿ ಕಿರಿದು, ಕೆಳಗಿನ ಮೆತ್ತನೆ ಹಿಮದಲ್ಲಿ ಮೊಣಕಾಲ ತನಕ ಹೂತ. ಇನ್ನು ಮುಂದೆ ಎಲ್ಲರಿಗೂ ಒಂದೇ ನಮೂನೆಯ ಹಲಗೆ ಎಂದು ತೀರ್ಮಾನವಾಗಿತ್ತು.

“ಗಡ್ಡೇಲೂ ನಿಲ್ಲಬೇಕು, ಮೆತ್ತನೆ ಹಿಮದಲ್ಲೂ ತೇಲಬೇಕು. ಹತ್ತೋಕೂ ಆಗಬೇಕು, ಗಾಡಿ ಎಳ್ಕೊಂಡು ಇಳಿಯೋಕೂ ಆಗಬೇಕು,” ಎಂದ ಎಗಾನ್. “ಅಂಥದ್ದನ್ನ ಆರಿಸಿ ಕೊಡೋರು ಈ ಕಣಿವೇಲಿ ನಿನ್ನ ಬಿಟ್ರೆ ಇನ್ಯಾರೂ ಇಲ್ಲ ಕಣೇ.”

“ಆರಿಸ್ತೀನಿ. ಹದಿನಾಲ್ಕು ಜೋಡಿ ನಿಮಗೆ. ಹದಿನೈದನೇದು ನಂಗೆ.”

“ಅದೇನು, ದಳದಿಂದ ಉಡುಗೊರೆ ಕೊಡ್ತೀವಿ ಬಿಡು.”

“ಉಡುಗೊರೆ ಯಾವನಿಗೆ ಬೇಕೋ? ಜಾಗ ಕೇಳ್ತಿದೀನಿ. ಹೆಸರು ಪುಸ್ತಕದಲ್ಲಿ ಇರ್ಬೇಕು.”

ಎಗಾನ್ ಗಡ್ಡ ಕೆರೆದುಕೊಂಡ. ಅವಳು ಷ್ನಾಪ್ಸ್ ಸಾರಾಯಿಯ ಬಾಟಲಿ ತೆಗೆದು ಎರಡು ಗುಟುಕಿನಷ್ಟು ಎರಡು ಲೋಟಕ್ಕೆ ಹಾಕಿದಳು.

“ವಯಸ್ಸಿನ ಮಾತು ನಾನು ನೋಡ್ಕೋತೀನಿ,” ಎಂದ ಕೊನೆಗೆ. “ಹದಿನೈದನೇದು ನಿಂದು.” ಬೆಂಚಿನ ಮೇಲೆ ಇಬ್ಬರೂ ಕೈ ಹೊಡೆದರು. ಆ ಊರಿನಲ್ಲಿ ಹಸು ಮಾರುವುದೂ ಹಾಗೆಯೇ, ಹೊಲ ಮಾರುವುದೂ ಹಾಗೆಯೇ, ಕಾಗದ ಆಮೇಲೆ.

ಆ ಚಳಿಗಾಲ ಬುರ್ಗಿ ದುಡಿದ ಹಾಗೆ ಎತ್ತೂ ದುಡಿದಿರಲಾರದು. ಹನ್ನೊಂದು ಜೋಡಿ ತರಿಸಿದಳು. ಬೆಳಿಗ್ಗೆ ಲಿಫ್ಟು ಶುರುವಾಗುವ ಮುಂಚೆ, ಬಿಸಿಲು ತಾಗದ ಗಡ್ಡೆಯ ಇಳಿಜಾರಿನಲ್ಲಿ ಒಂದೊಂದನ್ನೂ ಅಂಚಿನ ಮೇಲೆ ನಿಲ್ಲಿಸಿ ನೋಡುವುದು. ಮಧ್ಯಾಹ್ನ ಅದೇ ಹಲಗೆಯ ಅಡಿಗೆ ಹತ್ತುವಾಗ ಹಿಂದೆ ಜಾರದಂತೆ ರೋಮದ ಪಟ್ಟಿ ಅಂಟಿಸಿಕೊಂಡು ಷಾರ್ಟೆ ಕಣಿವೆದಾರಿಯವರೆಗೆ ಎರಡೂವರೆ ಗಂಟೆ ಹತ್ತುವುದು, ಎಂಬತ್ತು ಕಿಲೋ ಮರಳಿನ ಮೂಟೆ ಕಟ್ಟಿದ ಜಾರುಗಾಡಿಯನ್ನು ಮೇಲಿನಿಂದ ಬೆನ್ನ ಹಿಂದೆ ಕಟ್ಟಿಕೊಂಡು ಇಳಿಯುವುದು. ಹಲಗೆಯ ಬಗ್ಗೆ ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದಿಟ್ಟಳು. ಜನವರಿಯ ಕೊನೆಯಿಂದ ಎಡ ಮಂಡಿ ಊದಿಕೊಂಡು ರಾತ್ರಿಗೆ ಗಟ್ಟಿ ಮೊಸರಿನ ಪಟ್ಟಿ ಕಟ್ಟಿ ಮಲಗಬೇಕಾಗುತ್ತಿತ್ತು ಎಂಬುದನ್ನು ಮಾತ್ರ ಬರೆಯಲಿಲ್ಲ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುವುದನ್ನು ಯಾರೂ ನೋಡಿಲ್ಲ ಎಂದುಕೊಂಡಳು.

ಏಪ್ರಿಲ್‌ನಲ್ಲಿ ಏಳನೆಯ ಜೋಡಿಯನ್ನು ಆರಿಸಿದಳು. ನಡುವಿನ ಅಗಲ ಎಂಬತ್ತೆಂಟು ಮಿಲಿಮೀಟರ್, ಬೂದು ಬಣ್ಣ, ಚಿತ್ರವಿಲ್ಲ, ಬೆಂಕಿಯ ನಾಲಗೆಯಿಲ್ಲ. ಯಾರೂ ಎರಡನೆಯ ಸಲ ತಿರುಗಿ ನೋಡದ ಹಲಗೆ. ಆದರೆ ಎಲ್ಲಿ ಸೋಲುತ್ತದೆ ಎಂಬುದನ್ನು ಮೊದಲೇ ಹೇಳಿ ಸೋಲುವ ಹಲಗೆ, ಮೋಸ ಮಾಡುವುದಲ್ಲ. ಹೋಟೆಲಿನ ಒಲೆಯ ಸುತ್ತ ಕೂತಿದ್ದ ದಳದವರ ಮುಂದೆ ಅದನ್ನು ನಿಲ್ಲಿಸಿದಾಗ ಎಲ್ಲರ ಮುಖ ಹುಳಿಯಾಯಿತು.

“ಇದೇನು ಬುರ್ಗಿ, ಶವಪೆಟ್ಟಿಗೆ ಬಣ್ಣ!” ಎಂದ ಸೆರಾಫಿನ್.

“ಬಣ್ಣ ನೋಡೋನು ಮನೇಲಿ ಕೂತು ಪರದೆ ಹೊಲೀಲಿ. ಇದು ಬದುಕಿರೋರನ್ನ ಕೆಳಗೆ ತರೋ ಹಲಗೆ.”

ನಕ್ಕರು, ಒಪ್ಪಿದರು. ಅವಳು ಪ್ರತಿಯೊಬ್ಬರ ಹೆಸರಿನ ಮುಂದೆ ಹಲಗೆಯ ಉದ್ದ ಬರೆದು ಪಟ್ಟಿಯನ್ನು ಎಗಾನ್ ಕೈಗೆ ಕೊಟ್ಟಳು. ಹದಿನೈದನೆಯ ಸಾಲಿನಲ್ಲಿ ತನ್ನ ಹೆಸರು, ಮುಂದೆ ನೂರ ಅರವತ್ತನಾಲ್ಕು.

ನವೆಂಬರಿನಲ್ಲಿ ಪೆಟ್ಟಿಗೆಗಳು ಬಂದವು. ಹದಿನಾಲ್ಕು ಜೋಡಿ ಅವಳು ಬರೆದಂತೆಯೇ ಇದ್ದವು. ಹದಿನೈದನೆಯದರ ಮೇಲೆ ಮಾತ್ರ ನೂರ ಎಪ್ಪತ್ತೆರಡು ಎಂದಿತ್ತು. ಬುರ್ಗಿ ಅದನ್ನು ಎತ್ತಿ ಹಿಡಿದು ನೋಡಿದಳು. ಕಂಪನಿಯವರ ತಪ್ಪು ಎಂದುಕೊಂಡಳು. ವಾಪಸು ಕಳಿಸಿದರೆ ಬರಲು ತಿಂಗಳು. ಕ್ರಿಸ್ಮಸ್ಸಿಗೆ ನಾಲ್ಕು ವಾರ ಮುಂಚಿನ ಭಾನುವಾರ ಪಾದ್ರಿ ದಳದ ಹಲಗೆಗಳಿಗೆ ತೀರ್ಥ ಹಾಕುವುದು ಪದ್ಧತಿ, ಅಷ್ಟರೊಳಗೆ ಬರುವುದಿಲ್ಲ. ಎಂಟು ಸೆಂಟಿಮೀಟರ್ ತಾನೇ ಎಂದಳು. ಬೇರೆ ಯಾರಾದರೂ ಆ ಅಂಗಡಿಯಲ್ಲಿ ಎಂಟು ಸೆಂಟಿಮೀಟರ್ ತಾನೇ ಎಂದಿದ್ದರೆ ಬಾಗಿಲು ತೋರಿಸುತ್ತಿದ್ದಳು. ಮೂವತ್ತು ವರ್ಷ ಅಳತೆ ನೋಡಿ ಮನುಷ್ಯನನ್ನು ಓದಿದವಳಿಗೆ ತನ್ನ ಮುಂದಿದ್ದ ಈ ಒಂದು ಅಳತೆಯನ್ನು ಓದಲಾಗಲಿಲ್ಲ. ಆಸೆ ಬಂದರೆ ಕಣ್ಣು ಹೋಗುತ್ತದೆ.

ಉಳಿದವರದ್ದನ್ನೆಲ್ಲ ಬದಿಗಿಟ್ಟು ಮೊದಲು ತನ್ನದಕ್ಕೆ ಬೈಂಡಿಂಗ್ ಕೂರಿಸಿದಳು. ದಳಕ್ಕೆಂದು ತರಿಸಿದ್ದು ಹಗುರವಾದ ಗಟ್ಟಿ ಜಾತಿಯದು, ಹಿಂದೆ ಮುಂದೆ ಸರಿಸಲು ಬರುವುದಿಲ್ಲ. ಬೂಟಿನ ಉದ್ದಕ್ಕೆ ಸರಿಯಾಗಿ ತೂತು ಕೊರೆದರೆ ಅದೇ ಶಾಶ್ವತ. ತನ್ನ ಹಳೆಯ ಬೂಟನ್ನು ಇಟ್ಟು ಅಳೆದು ಕೊರೆದಳು. ಆಮೇಲೆ ಗೋಡೆಯ ಪಟ್ಟಿ ನೋಡಿದಳು. ಅರವತ್ತನಾಲ್ಕು ಕಿಲೋ, ಐವತ್ತೇಳು ವರ್ಷ, ಐದೂವರೆ. ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಕಡೆ ನೋಡಿದಳು. ಅಂಕಿಯನ್ನು ಒಂದು ಮೆಟ್ಟಿಲು ಮೇಲೆ, ಆರೂವರೆಗೆ ತಿರುಗಿಸಿದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಮೂರು ದಿನದ ಮೇಲೆ ಎಗಾನ್ ಬಂದ, ಹಿಂದೆಯೇ ಸೆರಾಫಿನ್, ಅವನ ಹಿಂದೆ ಬೂಟುಗಳನ್ನು ಹೆಗಲಿಗೆ ಹಾಕಿಕೊಂಡು ಅವನ ಮಗಳು ಅನ್ನಾಲೇನಾ. ಇಪ್ಪತ್ತಮೂರು ವರ್ಷ, ಜಿಲ್ಲಾ ಆಸ್ಪತ್ರೆಯಲ್ಲಿ ನರ್ಸ್, ಅಪ್ಪನಿಗಿಂತ ಎತ್ತರ. ಅವಳಿಗೆ ಮೊದಲ ಹಲಗೆ ಆರಿಸಿ ಕೊಟ್ಟವಳು ಬುರ್ಗಿ, ಅರ ಹಿಡಿಯಲು ಕಲಿಸಿದವಳೂ ಬುರ್ಗಿ.

“ನೋಡು ಬುರ್ಗಿ, ನಮ್ಮ ದಳಕ್ಕೆ ಮೊದಲ ಹೆಣ್ಣುಮಗಳು!” ಎಂದು ಎಗಾನ್ ಅನ್ನಾಲೇನಾಳ ಬೆನ್ನು ತಟ್ಟಿದ. “ಮೊನ್ನೆ ಸಭೇಲಿ ಎಲ್ಲಾರೂ ಕೈ ಎತ್ತಿದ್ರು. ಭಾನುವಾರಕ್ಕೆ ಇವಳ ಜೋಡಿ ತಯಾರು ಮಾಡ್ಕೊಡು.”

“ಯಾವ ಜೋಡಿ?”

“ಹದಿನೈದನೇದು.”

ಬುರ್ಗಿಗೆ ಆಗ ನೂರ ಎಪ್ಪತ್ತೆರಡು ಎಲ್ಲಿಂದ ಬಂತು ಎಂದು ತಿಳಿಯಿತು. ಅವಳು ಕೊಟ್ಟ ಪಟ್ಟಿಯ ಕೊನೆಯ ಸಾಲನ್ನು ಎಗಾನ್ ತಿದ್ದಿ ಕಳಿಸಿದ್ದ.

ಅವನು ಬೆಂಚಿನ ಮೇಲಿದ್ದ ಹಲಗೆ ನೋಡಿ, “ಓ, ಆಗಲೇ ಕೂರಿಸಿಬಿಟ್ಟಿದೀಯ,” ಎಂದು ಅನ್ನಾಲೇನಾಳ ಬೂಟನ್ನು ತೆಗೆದುಕೊಂಡು ಒತ್ತಿದ. ಕೂರಲಿಲ್ಲ. ಎರಡು ಬೆರಳಿನಷ್ಟು ಉದ್ದ ಜಾಸ್ತಿ. ಇದು ಯಾರ ಅಳತೆ ಎಂದು ಕೇಳಲು ಬಾಯಿ ತೆರೆದವನು ಬೆಂಚಿನ ಕೆಳಗಿದ್ದ ಹಳೆಯ ಬೂಟುಗಳನ್ನು ಕಂಡು ಬಾಯಿ ಮುಚ್ಚಿದ. ಸೆರಾಫಿನ್ ನೆಲ ನೋಡುತ್ತಿದ್ದ. ಅವನಿಗೆ ಬೇಸಿಗೆಯಿಂದಲೇ ಗೊತ್ತಿತ್ತು.

“ಕೈ ಹೊಡೆದಿದ್ಯಲ್ಲೋ,” ಎಂದಳು ಬುರ್ಗಿ. “ಇದೇ ಬೆಂಚಿನ ಮೇಲೆ.”

“ಹೊಡೆದಿದ್ದೆ. ಇಲ್ಲ ಅನ್ನಲ್ಲ. ಆಗ ಇವಳು ಅರ್ಜಿ ಹಾಕಿರ್ಲಿಲ್ಲ. ಇರೋದು ಒಂದು ಜಾಗ, ಬುರ್ಗಿ. ಐವತ್ತೇಳರಲ್ಲಿ ಯಾರನ್ನಾದ್ರೂ ಹೊಸದಾಗಿ ತಗೋತಾರಾ, ನೀನೇ ಹೇಳು.”

“ನಿಂಗೆಷ್ಟೋ? ನಿಂಗೂ ಐವತ್ತೇಳೇ.”

“ನಾನು ಒಳಗಿರೋನು. ನೀನು ಒಳಗೆ ಬರ್ಬೇಕಾದೋಳು.” ಅವನ ದನಿ ಮೆತ್ತಗಾಯಿತು, ಅದು ಇನ್ನೂ ಕೆಟ್ಟದಾಗಿತ್ತು. “ಏನಂದ್ಕೊಂಡಿದಾನೆ ಅಂತ ನೋಡ್ಬೇಡ, ಏನಾಗಿದಾನೆ ಅಂತ ನೋಡು, ನಿನ್ನ ಮಾತೇ ಅಲ್ವೇನೇ ಅದು? ಜನವರಿಯಿಂದ ನಿನ್ನ ಎಡಗಾಲು ನೋಡ್ತಾನೇ ಇದೀವಿ.”

ಬುರ್ಗಿ ತನ್ನ ಹಳೆಯ ಬೂಟುಗಳನ್ನು ಬೆಂಚಿನ ಕೆಳಕ್ಕೆ ಇನ್ನಷ್ಟು ತಳ್ಳಿದಳು. ಅವನು ಹೇಳಿದ್ದು ಸುಳ್ಳಾಗಿದ್ದರೆ ಬಾಯಿ ತುಂಬ ಬೈಯಬಹುದಿತ್ತು. ಆದರೆ ಜನವರಿಯಲ್ಲಿ ಕಂಡ ನಿಜವನ್ನು ಜನವರಿಯಲ್ಲೇ ಹೇಳಬಹುದಿತ್ತು. ಹನ್ನೊಂದು ಜೋಡಿಯೂ ಮುಗಿಯಲಿ, ಮರಳಿನ ಮೂಟೆ ಎಳೆದು ಮುಗಿಸಲಿ ಎಂದು ಕಾದು, ಆಮೇಲೆ ಹೇಳಿದರು. ಅದು ವಯಸ್ಸಿನ ಮಾತಲ್ಲ, ಶುದ್ಧ ಲಜ್ಜೆಗೇಡಿತನ.

ಸೆರಾಫಿನ್ ನಗಲು ನೋಡಿದ. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ ಬುರ್ಗಿ.”

“ನನ್ನ ಕಾಲ ಯಾವಾಗ ಬಂದಿತ್ತೋ?” ಎಂದಳು ಅವಳು. “ದಿನಾಂಕ ಹೇಳು. ಆವತ್ತು ನಾನೇನಾದ್ರೂ ನಿದ್ದೆ ಮಾಡ್ತಿದ್ನಾ? ಪೆಪಿನ ತೋಡಿ ತೆಗೆದ ದಿನ ಅಂತೂ ಎಚ್ಚರ ಇದ್ದೆ.”

ಸೆರಾಫಿನ್ ಟೋಪಿ ಹಾಕಿಕೊಂಡು ಹೊರಗೆ ಹೋದ. ಎಗಾನ್ ಬಾಗಿಲ ಬಳಿ ನಿಂತು, “ಹಳೇ ತೂತು ಮುಚ್ಚಿ ಮೇಲೆ ದಳದ ಲಾಂಛನ ಅಂಟಿಸಿಬಿಡು, ಭಾನುವಾರ ಫೋಟೋದಲ್ಲಿ ಕಾಣ್ಬಾರ್ದು,” ಎಂದ.

“ತೂತು ಮುಚ್ತೀನಿ. ಲಾಂಛನ ಅಂಟಿಸೋದು ದಳದೋರ ಕೆಲಸ. ನಾನು ದಳದೋಳಲ್ಲ.”

ಅನ್ನಾಲೇನಾ ಹೋಗಲಿಲ್ಲ. ಅವಳ ಕಣ್ಣು ತುಂಬಿತ್ತು. “ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ ಅತ್ತೆ. ನೀವೇ ನನ್ನ ಹೆಸರು ಹೇಳಿದ್ದು ಅಂತ ಅಪ್ಪ ಅಂದ್ರು. ನಂಗೆ ಬೇಡ. ನಾಳೇನೇ ಬೇಡ ಅಂತ ಹೇಳಿಬಿಡ್ತೀನಿ.”

“ಹೇಳಿದ್ರೆ ಏನಾಗುತ್ತೆ?”

“ಆ ಜಾಗ...”

“ನಂಗೆ ಬರಲ್ಲ. ನಿನ್ನ ವಯಸ್ಸಿನ ಇನ್ನೊಬ್ಬ ಹುಡುಗನಿಗೆ ಹೋಗುತ್ತೆ. ಇನ್ನು ಮೂವತ್ತು ವರ್ಷ ಹೆಣ್ಣುಮಕ್ಕಳು ಕರೆದ್ರೂ ಬರಲ್ಲ ಅಂತ ಹೋಟೆಲಲ್ಲಿ ಆಡ್ಕೊಂಡು ನಗ್ತಾರೆ.” ಬುರ್ಗಿ ಬೆಂಚಿನ ದೀಪ ಎಳೆದುಕೊಂಡಳು. “ಅತ್ತುಕೊಂಡು ನಿಲ್ಬೇಡ. ಬೂಟು ಕೊಡು.”

ತನ್ನ ಕೈಯಿಂದ ಕೂರಿಸಿದ ಹಿಂಭಾಗದ ಹಿಡಿಗಳನ್ನು ತಾನೇ ಬಿಚ್ಚಿದಳು. ಒಂದು ಹಲಗೆಗೆ ನಾಲ್ಕು, ಎರಡಕ್ಕೆ ಎಂಟು ತೂತು. ಒಂದೊಂದಕ್ಕೂ ಅಂಟು ಬಿಟ್ಟು, ಬಿರಡೆ ಬಡಿದು, ಮೇಲೆದ್ದ ತುದಿಯನ್ನು ಉಳಿಯಿಂದ ಸವರಿದಳು. ಬೂದು ಹಲಗೆಯ ಮೇಲೆ ಎಂಟು ಬಿಳಿ ಚುಕ್ಕೆ ಉಳಿದವು. ಆ ಊರಿನಲ್ಲಿ ಹಲಗೆ ಹಾಕುವ ಯಾರಿಗೇ ಆದರೂ ಅವನ್ನು ಓದಲು ಬರುತ್ತದೆ. ಇಲ್ಲಿ ಮೊದಲು ಇನ್ನೊಬ್ಬರ ಕಾಲು ಇತ್ತು ಎಂದರ್ಥ. ಅಂಟು ಒಣಗುವ ತನಕ ಅತ್ತೆ ಸೊಸೆ ಒಂದೇ ಮಣೆಯ ಮೇಲೆ ರೊಟ್ಟಿ, ಒಣಮಾಂಸ ಕೊಯ್ದು ತಿಂದರು. ಆಮೇಲೆ ಬುರ್ಗಿ ಹೊಸ ಬೂಟಿನ ಅಳತೆ ಹಿಡಿದು, ಎರಡು ಬೆರಳು ಹಿಂದಕ್ಕೆ, ಹೊಸದಾಗಿ ಕೊರೆದಳು. ಬೂಟು ಟಕ್ಕೆಂದು ಕೂತಿತು.

ಉಳಿದದ್ದು ಅಂಕಿ ಮಾತ್ರ.

“ತೂಕ?”

“ಅರವತ್ತೊಂದು.”

“ಎತ್ತರ ನೂರ ಎಪ್ಪತ್ತೆರಡು. ವಯಸ್ಸು ಇಪ್ಪತ್ತಮೂರು.” ಗೋಡೆಯ ಪಟ್ಟಿಯ ಮೇಲೆ ಬೆರಳಿಟ್ಟು ಅಡ್ಡಕ್ಕೆ ಎಳೆದಳು. ಬೆರಳು ಆರೂವರೆಯ ಮೇಲೆ ನಿಂತಿತು. ಆಮೇಲೆ ಸ್ಕ್ರೂಡ್ರೈವರನ್ನು ಬೆಂಚಿನ ಮೇಲೆ ಇಟ್ಟುಬಿಟ್ಟಳು.

“ಯಾಕತ್ತೆ, ತಿರುಗಿಸಲ್ವಾ?”

“ತಿರುಗಿಸೋದೇನಿಲ್ಲ,” ಎಂದಳು ಬುರ್ಗಿ. “ಮೊದಲೇ ನಿನ್ನ ವಯಸ್ಸಿಗೆ ಇಟ್ಟಿದೀನಿ.”